ಮೂರು ಚುಕ್ಕಿಯ ಹೂಂಗುಟ್ಟು

ದೊಡ್ಡನೆಕ್ಕುಂದಿ,
ಗುರುವಾರ, ೧೨ ಆಗಸ್ಟ್ ೧೯೯೯

ಪ್ರೀತಿಯ ಚನ್ನೀ,

ಹೇಗಿದ್ದೀ? ಅತ್ತೆಯ ಮೊಣಕಾಲು ನೋವು ಇಳಿಯಿತೇ? ಕೊಟ್ಟೂರಿನಲ್ಲಿ ಶ್ರಾವಣದ ಭಜನೆ ಶುರುವಾಗಿರಬೇಕು. ನಾನು ಚೆನ್ನಾಗಿದ್ದೇನೆ ಎಂದು ಪ್ರತಿ ಸಲದಂತೆ ಬರೆಯಲು ಹೊರಟೆ, ಕೈ ನಿಂತಿತು. ಯಾಕೆಂದು ಹೇಳುತ್ತೇನೆ.

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಫ್ಯಾಕ್ಟರಿಯ ಆಶಾರಾಣಿ, ಮೊನ್ನೆ ಮಂಗಳವಾರ ಸಂಜೆ, ಕ್ಯಾಂಟೀನಿನಲ್ಲಿ ಎಲ್ಲರೂ ಚಹಾ ಕುಡಿಯುವಾಗ. ಊರಿನ ಕಟ್ಟೆಯ ಮೇಲೆ ಕಥೆ ಹೇಳುತ್ತಿದ್ದವನು ನಾನು. ಇಲ್ಲಿ ನಾನೇ ಕಥೆಯಾದೆ. ಅವಳು ಒಂದಕ್ಕೆರಡು ಸೇರಿಸಿದ್ದಾಳೆ. ನಡೆದದ್ದು ಇಷ್ಟು.

ಮೀಟರುಗಳನ್ನು ಪರೀಕ್ಷಿಸುವ ಹೊಸ ಯಂತ್ರಕ್ಕೆ ನಾವೇ ಪ್ರೋಗ್ರಾಂ ಬರೆಯಬೇಕಂತೆ. ಅದರ ಭಾಷೆಯ ಹೆಸರು ಪೈಥಾನ್, ಅಂದರೆ ಹೆಬ್ಬಾವು. ಕಲಿಸುವವನು ಹೊಸ ಇಂಜಿನಿಯರ್ ಲೋಕೇಶ. ನನ್ನನ್ನು ಗುರು ಎನ್ನುತ್ತಾನೆ, ಪಾಠ ಮಾತ್ರ ಅವನದು. ತೋರಿಸಬೇಕಾದ ಮಾತನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು, ಅದಕ್ಕೆ ಮೊದಲು print ಎಂದು ಬರೆದರೆ ಪರದೆಯ ಮೇಲೆ ಅದೇ ಮಾತು ಬರುತ್ತದೆ. ಒಂದೇ ಕೆಲಸ ಬಿಡದೆ ನಡೆಯಬೇಕೆಂದರೆ while 1 ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು, ಕೆಳಗಿನ ಸಾಲುಗಳನ್ನು ಸ್ವಲ್ಪ ಒಳಗೆ ಸರಿಸಿ ಬರೆಯಬೇಕು. ಒಳಗೆ ಸರಿದ ಸಾಲೆಲ್ಲ ಆ ಮೇಲಿನ ಸಾಲಿಗೆ ಸೇರಿದ್ದು. ಬೇರೆ ಭಾಷೆಗಳಲ್ಲಿ ಆವರಣ ಹಾಕುತ್ತಾರಂತೆ, ಇಲ್ಲಿ ಜಾಗ ಬಿಟ್ಟರೆ ಸಾಕು. "ಸಾಲು ಹೊರಗೆ ಬಂತು ಅಂದ್ರೆ ಸಂಸಾರದಿಂದಾನೇ ಹೊರಗೆ ಬಂದಂಗೆ ಗುರು," ಎಂದ ಲೋಕೇಶ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬನೇ ಅಭ್ಯಾಸಕ್ಕೆ ಕೂತೆ. ಮೊದಲ ಸಾಲು ಬರೆದು ಎಂಟರ್ ಒತ್ತಿದೆ. ಯಂತ್ರ ಮೂರು ಚುಕ್ಕಿ ಇಟ್ಟು ಸುಮ್ಮನೆ ಕಾಯಿತು. ಇನ್ನೊಂದು ಸಾಲು ಬರೆದೆ, ಮತ್ತೆ ಮೂರು ಚುಕ್ಕಿ. ಇದು ಹೂಂಗುಟ್ಟುತ್ತಿದೆ ಅನ್ನಿಸಿತು ಚನ್ನೀ. ಇಲ್ಲಿಗೆ ಬಂದ ಮೇಲೆ ಯಾರೂ ನನ್ನ ಮಾತಿಗೆ ಹೀಗೆ ಕಾದು ಕೂತಿರಲಿಲ್ಲ. ಮೀಟರಿನ ರೀಡಿಂಗ್ ಬರೆಯಬೇಕಿದ್ದ ಕೈ ಬೇರೆಯದನ್ನೇ ಬರೆಯಿತು:

while 1:
    print "mane khali"
    print "ninne saaru, ivattu ade saaru"
    print "Channi illa"

ಉತ್ತರ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಲೋಕೇಶ ಬಂದ, ಹಿಂದೆಯೇ ಆಶಾರಾಣಿ. "ನೀನು ಮಾತು ನಿಲ್ಲಿಸೋವರ್ಗೂ ಅದು ಬಾಯಿ ಬಿಡಲ್ಲ ಗುರು. ಏನೂ ಬರೀದೆ ಒಂದ್ಸಲ ಎಂಟರ್ ಒತ್ಬೇಕು," ಎಂದವನೇ, ಏನಿದೆ ಎಂದು ಓದದೆ ಒತ್ತಿಬಿಟ್ಟ. ಪರದೆ ತುಂಬ ಮನೆ ಖಾಲಿ, ಚನ್ನಿ ಇಲ್ಲ, ಮನೆ ಖಾಲಿ, ಚನ್ನಿ ಇಲ್ಲ ಎಂದು ಸಾಲುಗಳು ಓಡತೊಡಗಿದವು. ನಿಲ್ಲಿಸುವ ಪಾಠ ಇನ್ನೂ ಆಗಿರಲಿಲ್ಲ. ಲೋಕೇಶ ನಗುತ್ತ ಎರಡು ಗುಂಡಿ ಒತ್ತಿ ನಿಲ್ಲಿಸಿದ. ಆಮೇಲೆ ಓದಿದ. ಅವನ ನಗುವೂ ನಿಂತಿತು.

"ಚನ್ನಿ ಅಂದ್ರೆ ಅಕ್ಕಾನಾ, ಅಣ್ಣ?" ಎಂದಳು ಆಶಾರಾಣಿ. ಹೌದು, ನನ್ನ ಹೆಂಡತಿ ಎಂದೆ.

ಮಹದೇವಪುರದ ಶಾಲೆಗೆ ವರ್ಗ ಕೇಳಲೇ ಎಂದು ನೀನು ಬರೆದಾಗ, ಅವಸರವಿಲ್ಲ, ನನಗೇನೂ ತೊಂದರೆಯಿಲ್ಲ ಎಂದಿದ್ದೆನಲ್ಲ. ಅದನ್ನು ನಂಬಬೇಡ.

ಶ್ರಾವಣ ಸೋಮವಾರವೆಂದು ಉಪವಾಸವಿದ್ದು ಸೊರಗಬೇಡ. ಅತ್ತೆಯ ಪಾದಗಳಿಗೆ ನನ್ನ ನಮಸ್ಕಾರ ಮುಟ್ಟಿಸು.

ನಿನ್ನವನು,
ಪಂಚಾಕ್ಷರಿ

ವಿ.ಸೂ.: ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ವರ್ಗದ ಅರ್ಜಿ ಹಾಕು ಚನ್ನೀ, ಅತ್ತೆಯನ್ನೂ ಕರೆದುಕೊಂಡು ಬಾ. ಆಶಾರಾಣಿಯ ಕಥೆ ಕೇಳಿದವರಲ್ಲಿ ಕ್ಯಾಂಟೀನು ನಡೆಸುವ ಭಾಗ್ಯಮ್ಮನೂ ಇದ್ದಳು. ಬುಧವಾರ ಬೆಳಿಗ್ಗೆ ಇಡ್ಲಿ ತಟ್ಟೆಯ ಪಕ್ಕ ಬೀಗದ ಕೈ ಇಟ್ಟು, "ನಮ್ಮನೆ ಇಂದ್ಗಡೆ ಎರಡು ರೂಮು ಸುಮ್ಕೆ ಬಿದ್ದವೆ ಕಣಣ್ಣ. ಇಂಗೆ ಒಬ್ನೇ ಎಷ್ಟ್ ದಿನ ಇರ್ತೀಯ, ಅಕ್ಕನ್ನ ಕರ್ಸ್ಕೊ," ಎಂದಳು. ಚನ್ನಿಯನ್ನು ನಾನಿನ್ನೂ ಕೇಳಿಯೇ ಇಲ್ಲವಲ್ಲ ಎಂದೆ. ಅಷ್ಟು ಹೊತ್ತಿಗಾಗಲೇ ಲೋಕೇಶ, ಆಶಾರಾಣಿ ಭಾಗ್ಯಮ್ಮನಿಂದ ಇನ್ನೊಂದು ಬೀಗದ ಕೈ ಇಸಿದುಕೊಂಡು ಆ ಮನೆಗೆ ಹೋಗಿ ಸುಣ್ಣ ಬಳಿಯಲು ಶುರು ಮಾಡಿದ್ದರು.