ಕತ್ತರಿಸಿ ಹಾಕಿದ ಕೊಡ

12-3-2008, ಬುಧವಾರ. ಕಗ್ಗದಾಸಪುರ.

ಇವತ್ತಿಗೆ ಹತ್ತೊಂಬತ್ತು ದಿನ, ನಲ್ಲಿಯಲ್ಲಿ ಹನಿ ನೀರಿಲ್ಲ. ಸೋಮವಾರ ನಾನು, ಪಕ್ಕದ ಮನೆಯ ಜಲಜಾ, ಬೀದಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನೀರಿನ ಆಫೀಸಿನ ಮುಂದೆ ಕೂತಿದ್ದೆವು. ಒಬ್ಬ ಪೇಪರಿನವನೂ ಬರಲಿಲ್ಲ. ನಾನು ಇಂಜಿನಿಯರನನ್ನು ಬೈಯುವಾಗ ಮೊಮ್ಮಗಳು ಚಿನ್ಮಯಿ ಮೊಬೈಲಿನಲ್ಲಿ ಫೋಟೋ ತೆಗೆದು, ಕೆಳಗೆ ನನ್ನ ಬೈಗುಳವನ್ನೂ ಬರೆದು, ಇಂಟರ್ನೆಟ್ಟಿನಲ್ಲಿ ಅದೇನೋ ಆರ್ಕುಟ್ಟಿಗೆ ಹಾಕಿದಳು. ಅಲ್ಲಿಂದ ಎತ್ತಿಕೊಂಡು ಇವತ್ತು ಪೇಪರಿನಲ್ಲಿ ಹಾಕಿದ್ದಾರೆ. ‘ಬೈಗುಳದ ಅಜ್ಜಿ’ಯಂತೆ. ನನ್ನ ತೆರೆದ ಬಾಯಿ ಅಷ್ಟಗಲ ಇದೆ, ಕೈಯಲ್ಲಿದ್ದ ಕೊಡವನ್ನು ಕತ್ತರಿಸಿದ್ದಾರೆ. ನೀರಿನ ವಿಷಯ ಒಂದಕ್ಷರವಿಲ್ಲ.

“ನಾನೂರು ಜನ ನಿನ್ನ ಹೊಗಳಿ ಬರ್ದಿದಾರೆ ಅಜ್ಜಿ,” ಅಂದಳು ಚಿನ್ಮಯಿ.

“ಅವರಲ್ಲಿ ಎಷ್ಟು ಜನ ನಾಳೆ ಬಂದು ನಮ್ಮ ಜೊತೆ ಕೂತ್ಕೋತಾರೆ, ಕೇಳು.”

ಅವಳು ಇನ್ನೂ ಎಷ್ಟು ಜನ ಬರೆದಿದ್ದಾರೆಂದು ಎಣಿಸತೊಡಗಿದಳು.

ಸಂಜೆ ಪೇಪರಿನವನೇ ಫೋನು ಮಾಡಿದ. “ಅಜ್ಜಿ, ಇನ್ನೊಂದ್ಸಲ ಹಾಗೇ ಬೈದು ತೋರಿಸ್ತೀರಾ?”

“ಬಾರಪ್ಪ, ನಲ್ಲಿ ತಿರುಗಿಸಿ ತೋರಿಸ್ತೀನಿ,” ಅಂದೆ. ಇಟ್ಟುಬಿಟ್ಟ.

ನಾಳೆಯೂ ಹೋಗಿ ಕೂರುತ್ತೇನೆ, ಆದರೆ ತುಟಿ ಬಿಚ್ಚುವುದಿಲ್ಲ. ಕೊಡವನ್ನು ಮುಖಕ್ಕೇ ಅಡ್ಡ ಹಿಡಿಯುತ್ತೇನೆ. ಆಗ ಏನನ್ನು ಕತ್ತರಿಸುತ್ತಾರೋ ನೋಡೋಣ.