ಹಿಮದಲ್ಲಿ ಬಿಳಿ ದೀಪ

ನವೆಂಬರ್ ೧೧, ಬೆಳಿಗ್ಗೆ ೯
ಬಿಷ್ಕೆಕ್ ಗಾಡಿಸಾಮಾನು ಬಜಾರಿನ ಏಳನೇ ಸಾಲಿನ ಸಾರ್ವಭೌಮರೂ, ಕುರುಡು ಹೆಡ್‌ಲೈಟುಗಳಿಗೆ ದೃಷ್ಟಿ ದಯಪಾಲಿಸುವ ಮಹಾವೈದ್ಯರೂ, ಬಲ್ಬುಕುಲತಿಲಕರೂ ಆದ ಕುಬಾನ್ ಮಹಾಪ್ರಭುಗಳು ಈ ನೋಟ್‌ಬುಕ್ಕಿಗೆ ಅಪ್ಪಣೆ ಕೊಡಿಸುವುದೇನೆಂದರೆ — ಚಳಿ. ಮೈನಸ್ ಹದಿನಾರು. ಅಂಗಡಿ ಅಂದರೆ ಹಳೇ ಕಬ್ಬಿಣದ ಕಂಟೇನರ್. ಗಿರಾಕಿ ಸೊನ್ನೆ.

ಅದೇ ದಿನ, ಮಧ್ಯಾಹ್ನ
ಜೆನಿಶ್ ಅಣ್ಣ ಬಂದಿದ್ದ. ನಾಳೆ ಅವನ ಟ್ಯಾಕ್ಸಿ ಘಾಟಿ ದಾಟಿ ಓಶ್ ಊರಿಗೆ. ಘಾಟಿಯಲ್ಲಿ ಹಿಮ ಶುರುವಾಗಿದೆಯಂತೆ.
“ಯಾವ ಬಲ್ಬ್ ಹಾಕ್ಲೋ, ಕಪಿ? ಹಿಮಕ್ಕೆ ಹಳದಿ ಅಂತಾರಲ್ಲ.”
ಎರಡೂ ಅಂಗೈ ಮುಖಕ್ಕೆ ಸವರಿದೆ. ಹಿರಿಯರು ‘ಓಮಿನ್’ ಅಂತ ಪ್ರಯಾಣಕ್ಕೆ ಹರಸ್ತಾರಲ್ಲ, ಹಾಗೇ ಗಂಟಲು ದಪ್ಪ ಮಾಡಿ: “ಮಗನೇ, ಹಳದಿ ದೀಪ ಅಂದ್ರೆ ಅಜ್ಜನ ಗಾಡಿ. ಸ್ಟ್ಯಾಂಡಲ್ಲಿ ಜನ ಹತ್ತೋದು ಬಿಳಿ ದೀಪದ ಗಾಡಿ ನೋಡಿ. ನಿನ್ನ ಸೀಟೆಲ್ಲ ತುಂಬಲಿ. ಓಮಿನ್!”
“ತಮಾಷೆ ಸಾಕು. ನಿಜ ಹೇಳು.”
“ಬಿಳಿ. ಅಂಗಡಿ ಆಣೆ.”
ನಕ್ಕ. ನನ್ನ ಕಿವಿ ಹಿಂಡಿದ. ಬಿಳಿ ಜೋಡಿ ಜೇಬಿಗಿಳಿಸಿ ಹೋದ.

ನವೆಂಬರ್ ೧೩
ಅಣ್ಣ ಫೋನ್ ಎತ್ತುತ್ತಿಲ್ಲ. ಅತ್ತಿಗೆ ನಾಲ್ಕು ಸಲ ಕೇಳಿದಳು. ಘಾಟಿಯಲ್ಲಿ ಸಿಗ್ನಲ್ ಇಲ್ಲ, ಅಷ್ಟೇ ಅಂದೆ.

ನವೆಂಬರ್ ೧೪
ಓಶ್ ದಾರಿಯ ಸುಸಾಮಿರ್ ಕಣಿವೆ. ಮೊನ್ನೆ ಸಂಜೆ ಆರಕ್ಕೆ, ಕತ್ತಲಾಗುವಾಗ, ಹಿಮ ಬೀಳುತ್ತಿತ್ತು. ಮುದುಕನೊಬ್ಬ ಕುರಿ ದಾಟಿಸುತ್ತಿದ್ದ. ಅಣ್ಣ ಗುದ್ದಿದ. ಮುದುಕ ಅಲ್ಲೇ...
ಅಣ್ಣ ಠಾಣೆಯಲ್ಲಿ ಸಿಕ್ಕ. “ಮುಂದೆ ಬಿಳೀ ಗೋಡೆ ಕಣೋ. ಲೈಟ್ ಜೋರು ಮಾಡಿದಷ್ಟೂ ಗೋಡೆ.”
ಗೊತ್ತು. ಬಿಳಿ ಬೆಳಕು ಬೀಳೋ ಹಿಮಕ್ಕೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರುತ್ತೆ. ಬಜಾರಿನ ಟೀ ಹುಡುಗಿಗೂ ಗೊತ್ತು.

ನವೆಂಬರ್ ೧೭
ಜಾಮೀನು ಸಿಕ್ಕಿತು. ಸತ್ತವನ ಮನೆಗೆ ಹೋದೆವು. ಅಂಗಳದಲ್ಲಿ ಸೂತಕದ ಡೇರೆ ಹಾಕಿದ್ದರು. ರೂಢಿಯಂತೆ ಗಂಡಸರು ದೂರದಿಂದಲೇ ಗಟ್ಟಿಯಾಗಿ ಅಳುತ್ತಾ ಡೇರೆಗೆ ಹೋಗಬೇಕು. ಅಣ್ಣನಿಗೆ ದನಿಯೇ ಏಳಲಿಲ್ಲ. ಇಬ್ಬರ ಪಾಲಿನದೂ ನಾನೇ ಅತ್ತೆ. ನಟನೆ ಬರುತ್ತಲ್ಲ.
ಆ ಮನೆಯವರು ಕ್ಷಮಿಸಿದೆವು ಅಂತ ಬರೆದುಕೊಟ್ಟರೆ ಜೈಲು ತಪ್ಪುತ್ತೆ. ಮುದುಕನ ಮಗ ಮೀರ್ಲಾನ್ ಟೀ ಕೊಟ್ಟ. ಆಮೇಲೆ ಕೇಳಿದ: “ಹಿಮದಲ್ಲಿ ಬಿಳಿ ದೀಪ ಹಚ್ಕೊಂಡು ಬಂದ್ಯಲ್ಲ, ಯಾವ ಕತ್ತೆ ಹೇಳ್ತು?”
ಅಣ್ಣ ನನ್ನ ಕಡೆ ನೋಡಲೇ ಇಲ್ಲ. “ಯಾರೂ ಹೇಳ್ಲಿಲ್ಲ. ಸೀಟು ತುಂಬ್ಲಿ ಅಂತ ನಾನೇ ಆರಿಸ್ದೆ.”
“ಗೊತ್ತಿಲ್ದೆ ಮಾಡಿದ್ರೆ ಬರ್ಕೊಡ್ತಿದ್ದೆ. ನಾಲ್ಕು ಸೀಟಿನ ಆಸೆಗೆ ನಮ್ಮಪ್ಪನ್ನ ಕೊಂದೆ. ಏಳು, ಹೊರಡು.”
ಬಾಯಿ ತೆರೆದೆ. ಅಣ್ಣ ನನ್ನ ಕಾಲು ತುಳಿದ. ಮುಚ್ಚಿದೆ. ಬೇಗನೇ ಮುಚ್ಚಿದೆ.

ಡಿಸೆಂಬರ್ ೨೨
ಅಣ್ಣನಿಗೆ ನಾಲ್ಕು ವರ್ಷ ಜೈಲು. ವ್ಯಾನ್ ಹತ್ತುವಾಗ ಅಂದ: “ಅತ್ತಿಗೇನ ನೋಡ್ಕೊ. ಅಂಗಡಿಗೆ ಟೈಮಿಗೆ ಹೋಗು.”

ಜನವರಿ ೩
ಅತ್ತಿಗೆ ಇವತ್ತೂ ಅವನನ್ನೇ ಬೈದಳು — “ಆಸೆಬುರುಕ.” ನಾನು ಸೂಪು ಕುಡಿಯುತ್ತಾ ಕೂತಿದ್ದೆ.
ಬರೆದುಬಿಡ್ತೀನಿ. ಸ್ಟ್ಯಾಂಡು, ಸೀಟು, ಅಜ್ಜನ ಗಾಡಿ — ಎಲ್ಲ ಆಗ ಬಾಯಿಗೆ ಬಂದದ್ದು. ಅಂಗಡಿಯಲ್ಲಿ ಹಳದಿಯೂ ಇತ್ತು. ಮೇಲಿನ ಹಲಗೆಯಲ್ಲಿ. ಏಣಿ ಹೊರಗೆ ಚಳಿಯಲ್ಲಿತ್ತು. ಕಾಲು ಆಗಷ್ಟೇ ಬೆಚ್ಚಗಾಗಿತ್ತು, ಏಳೋಕೆ ಬೇಜಾರಾಯ್ತು, ಕೈಗೆಟುಕಿದ ಬಿಳಿ ಕೊಟ್ಟೆ.