ದೀಪ ಹತ್ತಿತು, ಮೈಕ್ ಮುಚ್ಚಲಿಲ್ಲ

ಅತ್‌ಬಾಶಿ
ನವೆಂಬರ್ 14

ಕಾನಿಷಾಯ್,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದಿಲ್ಲ, ನೋಡಿದೆಯಾ? ಮೂವತ್ತೊಂದು ವರ್ಷ ಬರೆದೆ. ಇವತ್ತು ಬರೆದರೆ ಸುಳ್ಳಾಗುತ್ತದೆ. ಇಲ್ಲಿ ಹಿಮ ಮೊಣಕಾಲಿಗೆ ಬಂದಿದೆ, ಮಕ್ಕಳು ಕುರಿ ಎಲ್ಲ ಕ್ಷೇಮ. ಅಷ್ಟು ಕುಶಲ ಸಾಕು.

ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕೊನೆಗೆ ನೀನು ಕಳಿಸಿದ ಧ್ವನಿ ಸಂದೇಶವನ್ನು ಮಾತ್ರ ಕೇಳಿದೆ. “ಇಂಟರ್ವ್ಯೂ ಹಿಂದಿನ ದಿನ ಲ್ಯಾಪ್‌ಟಾಪ್ ತಾನಾಗೇ ಅಪ್‌ಡೇಟ್ ಆಗ್ಬಿಡ್ತು ಕಣೇ ಸಾಲಿಕಾ. ಅವಾಗಿಂದ ಮೇಲಿನ ಸಾಲಿನ ಕೀ ಒಂದೂ ಹೇಳಿದ ಮಾತು ಕೇಳ್ತಿಲ್ಲ. ಸೌಂಡು ಏರಲ್ಲ, ಬೆಳಕು ಇಳಿಯಲ್ಲ. ಮೈಕ್ ಮುಚ್ಚೋ ಕೀ ಒತ್ತಿದ್ರೆ ಕೆಂಪು ದೀಪ ಹತ್ತುತ್ತೆ, ಮೈಕ್ ಮಾತ್ರ ಬಾಯ್ ಬಿಟ್ಕೊಂಡೇ ಇರುತ್ತೆ. ರಿಪೇರಿಯವ್ನೂ ಅದನ್ನೇ ಹೇಳ್ದ. ಇದ್ರಲ್ಲಿ ನಂದೇನೇ ತಪ್ಪು?” ಎಂದು ಅತ್ತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೀ ಕೆಟ್ಟಿತ್ತು, ಒಪ್ಪಿದೆ. ಆ ಮಾತುಗಳನ್ನೂ ಅಪ್‌ಡೇಟೇ ತಂದು ನಿನ್ನ ಬಾಯಿಗೆ ಹಾಕಿತೇ?

ನಾನು ಅವತ್ತು ಗಣಿತದ ಮೇಷ್ಟ್ರು ಜುಮಾಬೆಕ್ ಅವರ ಮನೆಯಲ್ಲಿ, ಅವರ ಕಂಪ್ಯೂಟರಿನ ಮುಂದೆ ಕೂತಿದ್ದೆ. ಮದುವೆಗೆ ಹೋಗುವವಳ ಹಾಗೆ ವೆಲ್ವೆಟ್ ಕೋಟು ಹಾಕಿಕೊಂಡಿದ್ದೆ. ಮೇಷ್ಟ್ರ ಹೆಂಡತಿ ಹಾಲು ಹಾಕಿದ ಚಹಾ, ಆಗಷ್ಟೇ ಎಣ್ಣೆಯಲ್ಲಿ ಕರಿದ ಬಿಸಿ ಬೌರ್ಸಾಕ್ ತಂದಿಟ್ಟು, “ಮಾತಾಡೋ ಮುಂಚೆ ಬಾಯಿ ಸಿಹಿ ಮಾಡ್ಕೊಳಿ ಏಜೆ, ಇವತ್ತಿಂದ ನೀವೂ ಟೀಚರ್ರೇ” ಎಂದು ಸ್ವಂತ ಅಕ್ಕನಿಗೆ ಹೇಳುವ ಹಾಗೆ ನಕ್ಕಿದ್ದಳು. ವಸಂತಕ್ಕೆ ನಮ್ಮೂರಲ್ಲಿ ತೆರೆಯುವ ಕಸುಬಿನ ಶಾಲೆಗೆ ಉಣ್ಣೆಯ ನೆಲಹಾಸು, ಶಿರ್ದಾಕ್ ಹೊಲಿಯುವುದನ್ನು ಕಲಿಸಲು ಇಬ್ಬರು ಬೇಕಿತ್ತು. ಜೋಡಿಯಾಗಿಯೇ ಅರ್ಜಿ ಹಾಕಿದ್ದೆವು. ಮನೆಯಲ್ಲಿ ಎಲ್ಲರೂ ನನ್ನನ್ನು ಮೂಲೆಯ ಮುದುಕಿ ಮಾಡುತ್ತಿರುವಾಗ ಆ ಕೆಲಸ ನನಗೆ ಎಷ್ಟು ಬೇಕಿತ್ತು ಎಂಬುದು ನಿನಗೆ ಗೊತ್ತಿತ್ತು.

ಸಮಿತಿಯ ಅಧ್ಯಕ್ಷೆ, “ಸಾಲಿಕಾ ಏಜೆ, ಹುಡುಗೀರಿಗೆ ಮೊದಲ್ನೇ ದಿನ ಏನು ಹೇಳ್ಕೊಡ್ತೀರಾ?” ಎಂದು ಕೇಳಿದರು. ನಾನು ಬಾಯಿ ತೆರೆಯುತ್ತಿದ್ದೆ. ನೀನು ಬಿಷ್ಕೆಕ್‌ನಲ್ಲಿ ಕೂತು ಬೆರಳು ಚಾಚಿ ಆ ಕೀ ಒತ್ತಿದ್ದು ಪರದೆಯಲ್ಲಿ ನನ್ನ ಮಬ್ಬುಗಣ್ಣಿಗೂ ಕಂಡಿತು. ಆಮೇಲೆ ಪಕ್ಕದಲ್ಲಿದ್ದ ನಿನ್ನ ಸೊಸೆ ಬೆಗಿಮಾಯ್ ಕಡೆ ತಿರುಗಿದೆ.

“ಏನ್ ಹೇಳ್ಕೊಡ್ತಾಳೆ, ಪಾಪ! ಕಣ್ಣೇ ಕಾಣಲ್ಲ ಅವಳಿಗೆ. ನಾರಿನ್ ಆಸ್ಪತ್ರೆ ಡಾಕ್ಟರು ಕೈ ಬಿಟ್ಟವ್ರೆ. ಎರಡ್ ವರ್ಷದಿಂದ ಅವಳು ಇಲ್ಲಿಗೆ ಕಳಿಸೋ ಹೊಲಿಗೆಯೆಲ್ಲ ಬಿಚ್ಚಿ ನಾನೇ ಮತ್ತೆ ಹೊಲೀತಿದೀನಿ. ಹುಡುಗೀರ ಬೆರಳಿಗೇ ಸೂಜಿ ಚುಚ್ತಾಳೆ ನೋಡ್ತಿರು” ಎಂದೆ.

ನಕ್ಕೆ ಕೂಡ. ಮೊಸರು ಕದ್ದು ತಿಂದು ನಗುತ್ತಿದ್ದೆಯಲ್ಲ, ನಮ್ಮೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಅದೇ ನಗು.

ಸಮಿತಿಯ ಐದು ಜನ ಕೇಳಿದರು. ಮೇಷ್ಟ್ರು ಕಿವಿ ಕೆಂಪಗೆ ಮಾಡಿಕೊಂಡು ಕಿಟಕಿಯತ್ತ ತಿರುಗಿದರು. ಅವರ ಹೆಂಡತಿಯ ಬಾಯಿ ಬೀಗವಿಲ್ಲದ ಬಾಗಿಲು, ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಡಾಕ್ಟರ್ ಹೇಳಿದ್ದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ ಕಣೇ. ನಿನ್ನೊಬ್ಬಳಿಗೇ ಹೇಳಿದ್ದೆ. ಅವನು ರಾತ್ರಿ ಊಟ ಮಾಡದೆ, “ಮೂವತ್ತೈದು ವರ್ಷ ಜೊತೇಲಿ ಬಾಳಿದೀನಿ, ನಿನ್ ಕಣ್ಣಿನ ಸುದ್ದಿ ನಂಗೆ ಬೀದೀಲಿ ಸಿಗ್ಬೇಕಾ?” ಎಂದ.

ಇನ್ನು ಹೊಲಿಗೆಯ ಸಂಗತಿ. ಬಿಚ್ಚುತ್ತಿದ್ದೆಯಂತೆ, ಮತ್ತೆ ಹೊಲಿಯುತ್ತಿದ್ದೆಯಂತೆ! ನಾನು ಅದನ್ನು ಕೇಳಿದ್ದು ಅವತ್ತೇ ಮೊದಲು. ಯಾರ ಅಪ್ಪಣೆ ಕೇಳಿ ನನ್ನ ಹೊಲಿಗೆಗೆ ಕೈ ಹಾಕಿದೆ?

ಅಧ್ಯಕ್ಷೆ ಮೆಲ್ಲಗೆ ನಿನ್ನನ್ನು, “ಹಾಗಾದ್ರೆ ಮುಖ್ಯ ಕೆಲ್ಸ ನಿಮ್ಮದೇನಾ?” ಎಂದು ಕೇಳಿದರು. ಆಗ ನಿನ್ನ ಮುಖ ಬಿಳಿಚಿತು, ಎಲ್ಲರಿಗೂ ಕೇಳಿಸಿದೆ ಎಂಬುದು ನಿನಗೆ ಗೊತ್ತಾಯಿತು. ಆಗಲಾದರೂ ನಿಜ ಹೇಳಬಹುದಿತ್ತು. ಎರಡು ಬಣ್ಣದ ಉಣ್ಣೆ ಹಾಳೆ ಒಂದರ ಮೇಲೊಂದು ಹಾಸಿ, ಒಂದೇ ಚಾಕುವಿನಲ್ಲಿ ಎರಡನ್ನೂ ಕತ್ತರಿಸುವವಳು ನಾನು. ನೀನು ಅಲುಗದಂತೆ ಹಿಡಿಯುವವಳು. ಕೆಂಪಿನಿಂದ ತೆಗೆದ ಕೊಂಬಿನ ಚಿತ್ತಾರ ಕಪ್ಪಿಗೆ, ಕಪ್ಪಿನದು ಕೆಂಪಿಗೆ ಕೂರುವಾಗ ಕೂದಲೆಳೆಯಷ್ಟೂ ಬಿರುಕು ಇರಬಾರದು. ಈ ಶರತ್ಕಾಲದಲ್ಲಿ ನೀನು ಇಲ್ಲಿಗೆ ಬಂದು ಹಿಡಿದಾಗಲೂ ಇರಲಿಲ್ಲ. ಚಾಕು ಹಿಡಿದ ಕೈಗೆ ಕಣ್ಣು ಬೇಡ ಎಂದು ನೀನೇ ಹೇಳಿದ್ದೆ. ಅದನ್ನು ಅವರಿಗೆ ಹೇಳಲು ನಿನಗೆ ಬಾಯಿ ಬರಲಿಲ್ಲ. ಆಗ ಮೈಕ್ ಚೆನ್ನಾಗಿಯೇ ತೆರೆದಿತ್ತು, ಕಾನಿಷಾಯ್.

“ಹೂಂ” ಎಂದೆ. ಒಂದೇ ಅಕ್ಷರ. ಮೊನ್ನೆ ಪಟ್ಟಿ ಬಂತು, ನಿನ್ನ ಹೆಸರಿದೆ. ನನ್ನ ಜಾಗದಲ್ಲಿ ತಾಲಾಸ್‌ನ ಯಾರೋ ಹುಡುಗಿ. “ಅವ್ರೇ ಬರ್ಕೊಂಡ್ರು, ನಾನೇನ್ ಮಾಡ್ಲಿ” ಅನ್ನುತ್ತೀಯೆ. ‘ನನಗೆ ಬೇಡ’ ಎನ್ನಲು ಯಾವ ಕೀ ಒತ್ತಬೇಕಿತ್ತು?

ಈ ಸಲ ಕೂಡಿ ಕತ್ತರಿಸಿದ ಜೋಡಿಯಲ್ಲಿ ನಿನ್ನ ಪಾಲಿನ ಕಪ್ಪು ಹಾಳೆಯನ್ನು ಈ ಪತ್ರದ ಜೊತೆಗೇ ಟ್ಯಾಕ್ಸಿಯಲ್ಲಿ ಕಳಿಸಿದ್ದೇನೆ. ಅದರೊಳಗೆ ಕೂರಬೇಕಾದ ಕೆಂಪು ತುಂಡುಗಳನ್ನು ಕಳಿಸಿಲ್ಲ, ಕಳಿಸುವುದೂ ಇಲ್ಲ. ತೂತುಗಳನ್ನು ನಿನ್ನ ಕೈಯಾರೆ ಕತ್ತರಿಸಿ ತುಂಬಿಕೋ. ವಸಂತದಲ್ಲಿ ಪಾಠ ಹೇಳಲು ಬಂದಾಗ ನನ್ನ ಮನೆಗೆ ಇಳಿಯಬೇಡ. ಮೇಷ್ಟ್ರ ಮನೆಯಲ್ಲಿ ಕೋಣೆ ಖಾಲಿ ಇದೆ.

ಇಷ್ಟು ದಿನ ನಿನ್ನವಳಾಗಿದ್ದ,
ಸಾಲಿಕಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಲಿಗೆಯ ವಿಷಯ ನನಗೆ ಹೋದ ಚಳಿಗಾಲದಿಂದಲೇ ಗೊತ್ತು. ಅಂಚಿನ ಹುರಿ ಬದಲಿಸಲೆಂದು ನಾನು ಹೊಲಿದ ಒಂದು ಶಿರ್ದಾಕ್ ವಾಪಸ್ ಕಳಿಸಿದ್ದೆಯಲ್ಲ, ಅದರ ಮೇಲೆ ಬೆರಳಾಡಿಸಿದೆ. ಒಂದೊಂದು ಹೊಲಿಗೆಯೂ ಎಡಕ್ಕೆ ವಾಲಿತ್ತು. ನಮ್ಮಿಬ್ಬರಲ್ಲಿ ಎಡಚಿ ನೀನು. ಅವತ್ತು ಗೋಡೆ ಕಡೆ ತಿರುಗಿ ಅತ್ತೆ, ಸಂತೋಷಕ್ಕೆ. ಯಾರಿಗೂ ಹೇಳದೆ ನನ್ನ ಮಾನ ಕಾಯುವವಳು ಒಬ್ಬಳಿದ್ದಾಳೆ ಎಂದುಕೊಂಡಿದ್ದೆ.